ಯಾರ ಲೆಕ್ಕಕ್ಕೆ?

ಉಪ್ಪಿನಂಗಡಿಗೆ ಸಹಸ್ರಲಿಂಗೇಶ್ವರ ಹೇಗೆ ಬಂದ ಎಂಬ ಕಥೆ ನಮ್ಮೂರಿನ ಮಕ್ಕಳಿಗೆಲ್ಲ ಬಾಯಿಪಾಠ. ಕುರುಕ್ಷೇತ್ರದ ಯುದ್ಧ ಮುಗಿದ ಮೇಲೆ ಪಾಂಡವರು ಒಂದು ಯಾಗ ಮಾಡಲು ಹೊರಟರು. ಅದಕ್ಕೆ ಪುಷ್ಪಮೃಗವನ್ನು ತರಬೇಕಾಗಿತ್ತು. ಆ ಕೆಲಸಕ್ಕೆ ಹೊರಟ ಭೀಮನಿಗೆ ದಾರಿಯಲ್ಲಿ ಹನುಮಂತನ ಬಾಲ ಅಡ್ಡ ಸಿಕ್ಕಿ ಗರ್ವ ಇಳಿಯಿತು. ಹನುಮಂತ ತನ್ನ ಬಾಲದ ರೋಮಗಳನ್ನು ಕೊಟ್ಟು ಕಳಿಸಿದ. ಓಟದಲ್ಲಿ ಭೀಮನನ್ನು ಮೀರಿಸುವ ಆ ಮೃಗ ಹತ್ತಿರ ಬಂದಾಗಲೆಲ್ಲ ಭೀಮ ಒಂದು ರೋಮ ಉದುರಿಸುತ್ತಿದ್ದ. ಅಲ್ಲೊಂದು ಲಿಂಗ ಏಳುತ್ತಿತ್ತು. ಶಿವಭಕ್ತನಾದ ಮೃಗ ಪೂಜೆ ಮುಗಿಸಿಯೇ ಮುಂದೆ ಬರುತ್ತಿತ್ತು. ನೇತ್ರಾವತಿಗೆ ಕುಮಾರಧಾರೆ ಸೇರುವಲ್ಲಿಗೆ ಮುಟ್ಟಿದಾಗ ಭೀಮ ಉಳಿದ ರೋಮಗಳನ್ನೆಲ್ಲ ಒಟ್ಟಿಗೆ ಬಿಟ್ಟನಂತೆ, ಸಾವಿರ ಲಿಂಗಗಳು ಎದ್ದವಂತೆ.

ಮಕ್ಕಳಿಗೆ ಈ ಕಥೆಯಲ್ಲಿ ಇಷ್ಟವಾಗುವುದು ಓಟ. ಹಲವು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ಈಗ ನಿವೃತ್ತನಾಗಿ ಮನೆಯಲ್ಲಿರುವ ನನ್ನನ್ನು ಕಾಡುವುದು ಕಥೆ ಶುರುವಾಗುವ ಮಾತು: ಯುದ್ಧ ಮುಗಿದ ಮೇಲೆ ಯಾಗ. ಗೆದ್ದವರಿಗೆ ಯಾಗ ಯಾಕೆ ಬೇಕಾಯಿತು? ಲಕ್ಷ್ಮೀಶನ ಜೈಮಿನಿ ಭಾರತದ ಆರಂಭದಲ್ಲೇ ಇದಕ್ಕೆ ಉತ್ತರವಿದೆ. ಪಟ್ಟವೇರಿದ ಧರ್ಮರಾಯನಿಗೆ ನೆಮ್ಮದಿಯಿಲ್ಲ. ಬಂಧುಗಳನ್ನೂ ಗುರುಗಳನ್ನೂ ಕೊಂದ ನೆನಪು ಬಿಡುವುದಿಲ್ಲ. ಆಗ ವ್ಯಾಸರು ಬಂದು ಅಶ್ವಮೇಧ ಮಾಡು ಎನ್ನುತ್ತಾರೆ. ನಮ್ಮೂರಿನ ಸ್ಥಳಪುರಾಣ ಯಾಗವನ್ನು ಯಾವ ಹೆಸರಿನಿಂದ ಕರೆದರೂ ಅದರ ಬೇರು ಈ ಸಂಕಟದಲ್ಲೇ ಇರಬೇಕೆಂದು ನನ್ನ ಊಹೆ. ಹಾಗೆ ನೋಡಿದರೆ ಉಪ್ಪಿನಂಗಡಿಯು ಯುದ್ಧದಿಂದ ಮರಳಿದವರ ಮನಸ್ಸಿನ ಬೇಗೆಯಿಂದ ಹುಟ್ಟಿದ ಕ್ಷೇತ್ರ ಎನ್ನಬೇಕು.

ಆದರೆ ಆ ಬೇಗೆಯನ್ನು ನಾವು ನೆನಪಿಟ್ಟುಕೊಂಡದ್ದು ಕಡಿಮೆ. ನಮ್ಮದು ತಾಳಮದ್ದಳೆಯ ಸೀಮೆ. ಮಳೆಗಾಲದಲ್ಲಿ ಯಾವುದಾದರೊಂದು ದೇವಸ್ಥಾನದಲ್ಲೋ ಮನೆಯ ಚಾವಡಿಯಲ್ಲೋ ಭೀಷ್ಮಪರ್ವ, ಕರ್ಣಪರ್ವ, ಅಭಿಮನ್ಯು ಕಾಳಗ ನಡೆಯುತ್ತಲೇ ಇರುತ್ತವೆ. ಪ್ರಸಂಗಗಳ ಹೆಸರನ್ನೇ ನೋಡಿ, ಎಷ್ಟೊಂದು 'ಕಾಳಗ'ಗಳು! ಜೈಮಿನಿ ಭಾರತ ಶುರುವಾಗುವುದು ಯುದ್ಧದ ಪಶ್ಚಾತ್ತಾಪದಿಂದ ಎಂದೆನಷ್ಟೆ. ಅದರಿಂದಲೂ ನಾವು ಆಯ್ದುಕೊಂಡದ್ದು ಸುಧನ್ವ ಕಾಳಗ, ಬಭ್ರುವಾಹನ ಕಾಳಗ. ಕನ್ನಡಿಗರ ನಾಲಗೆಯ ಮೇಲಿರುವ ಕುಮಾರವ್ಯಾಸನ ಭಾರತವೂ ಗದಾಪರ್ವಕ್ಕೆ ಮುಗಿಯುತ್ತದೆ. ಅವನು ಬರೆದದ್ದು ಹತ್ತು ಪರ್ವ. ಹೆಂಗಸರು ರಣರಂಗಕ್ಕೆ ಬಂದು ಅಳುವ ಸ್ತ್ರೀಪರ್ವ, ಗೆದ್ದ ಅರಸನೇ ಅಳುವ ಶಾಂತಿಪರ್ವ ಉಳಿದ ಎಂಟರಲ್ಲಿ ಸೇರಿಹೋದವು. ಅವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಗಮಕಿಗಳ ಬಾಯಲ್ಲಿ ತಿಮ್ಮಣ್ಣ ಕವಿಯನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಕುವೆಂಪು ಅವರ 'ಸ್ಮಶಾನ ಕುರುಕ್ಷೇತ್ರಂ', ಭೈರಪ್ಪನವರ 'ಪರ್ವ' ಈ ಕೊರತೆಯನ್ನು ಸ್ವಲ್ಪ ತುಂಬಿದವು. ಅವುಗಳಲ್ಲಿ ಹೆಸರಿಲ್ಲದ ಸೈನಿಕನೂ ಉಸಿರಾಡುತ್ತಾನೆ.

ಸತ್ತ ಯೋಧನ ವಿಷಯದಲ್ಲಿ ನಮ್ಮ ನಾಡು ಕೈ ಬಿಗಿಹಿಡಿದದ್ದಿಲ್ಲ. ಘಟ್ಟ ಹತ್ತಿದರೆ ಊರೂರಲ್ಲಿ ವೀರಗಲ್ಲು: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಘಟ್ಟದ ಕೆಳಗೆ ನಮ್ಮಲ್ಲಿ ಸತ್ತ ವೀರ ದೈವವಾಗುತ್ತಾನೆ. ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನ ಪರವಾಗಿ ಕಾದಿ ಪ್ರಾಯದಲ್ಲೇ ಮಡಿದ ಕೋಟಿ ಚೆನ್ನಯರು ಇಂದಿಗೂ ಗರಡಿಗಳಲ್ಲಿ ನೇಮ ಪಡೆಯುತ್ತಾರೆ, ಮೈಮೇಲೆ ಬಂದು ಊರಿನ ಕಷ್ಟಸುಖ ವಿಚಾರಿಸುತ್ತಾರೆ. 1837ರಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿನವರೆಗೆ ಹೋಗಿ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿತು. ಆ ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಅದೇ ಗುಡ್ಡೆಯಲ್ಲಿ ನಿಂತಿತು. ಒಳ್ಳೆಯದೇ ಆಯಿತು. ಆದರೆ ಆ ದಂಡಿನಲ್ಲಿದ್ದು, ಸೋತ ಮೇಲೆ ಕತ್ತಿಯನ್ನು ಪೊದೆಗೆ ಎಸೆದು, ಕಾಡುದಾರಿಯಲ್ಲಿ ಮನೆ ಸೇರಿ, ಮರುವರ್ಷ ಗದ್ದೆ ಉತ್ತವನು ರಾತ್ರಿ ಏನನ್ನು ನೆನೆದುಕೊಂಡು ಮಲಗುತ್ತಿದ್ದ? ಅವನಿಗೆ ಕಲ್ಲಿಲ್ಲ, ನೇಮವಿಲ್ಲ, ಪಾಡ್ದನವಿಲ್ಲ. ಬದುಕಿ ಬಂದದ್ದೇ ದೊಡ್ಡದು, ಇನ್ನೇನು ಬೇಕು ಎಂದು ನಾವು ಸುಮ್ಮನಾಗುತ್ತೇವೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಸೈನ್ಯಕ್ಕೆ ಹೋದವರು ಅನೇಕರಿದ್ದಾರೆ. 'ಮಿಲಿಟ್ರಿ ಮನೆ ಎಲ್ಲಿ?' ಎಂದು ಕೇಳಿದರೆ ಕೈತೋರಿಸುವ ಮನೆ ಅನೇಕ ಗ್ರಾಮಗಳಲ್ಲಿ ಒಂದಿರುತ್ತದೆ. ಅಂಥ ಒಂದು ಮನೆಯ ಯಜಮಾನರು ನನ್ನ ನೆರೆಯವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬೇಡ ಎಂದಿದ್ದಾರೆ. ಹದಿನೆಂಟು ತುಂಬಿದ ವರ್ಷವೇ ಮದ್ರಾಸ್ ರೆಜಿಮೆಂಟಿಗೆ ಸೇರಿ, ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ತರಬೇತಿ ಪಡೆದು, ಹದಿನೇಳು ವರ್ಷ ಸೇವೆ ಮಾಡಿ ಪೆನ್ಶನ್ ಪಡೆದು ಬಂದವರು. ಎರಡೆಕ್ರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಎರಡು ದನ. ನೋಡಿದವರು ಸುಖವಾಗಿದ್ದಾರೆ ಎನ್ನುತ್ತಾರೆ, ಅದು ಸುಳ್ಳೂ ಅಲ್ಲ.

ಆದರೆ ಕೆಲವು ಸಂಗತಿಗಳುಂಟು. ಏಪ್ರಿಲ್ 17ರಂದು ಪುತ್ತೂರು ಮಹಾಲಿಂಗೇಶ್ವರನ ರಥೋತ್ಸವ. ಆ ರಾತ್ರಿಯ 'ಪುತ್ತೂರು ಬೆಡಿ' ನೋಡಲು ಸುತ್ತಲಿನ ಊರುಗಳೇ ಖಾಲಿಯಾಗುತ್ತವೆ. ಇವರು ಆ ದಿನ ಬೆಳಿಗ್ಗೆಯೇ ಘಟ್ಟದ ಮೇಲಿನ ಹೆಂಡತಿಯ ತವರಿಗೆ ಹೊರಡುತ್ತಾರೆ. ನಮ್ಮ ಮನೆಯ ಹತ್ತಿರ ಮದುವೆಗೋ ನೇಮಕ್ಕೋ ಗರ್ನಾಲು ಸಿಡಿದರೆ ಒಳಗಿನ ಕೋಣೆ ಸೇರುತ್ತಾರೆ. ಮಂಗಗಳು ತೋಟಕ್ಕೆ ನುಗ್ಗಿ ಎಳನೀರು ಕೆಡವಿ ಹಾಕಿದರೂ ಕೋವಿ ಇಟ್ಟುಕೊಂಡವರಲ್ಲ. ಮಾಜಿ ಸೈನಿಕರಿಗೆ ಲೈಸೆನ್ಸು ಸಿಗುವುದು ಕಷ್ಟವಲ್ಲ ಎಂದು ಹೇಳಿದವರಿಗೆ, 'ಡಬ್ಬ ಬಡಿದರೆ ಸಾಕು, ಮಂಗ ಹೋಗುತ್ತದೆ' ಎನ್ನುತ್ತಾರೆ. ನಿದ್ದೆಯಲ್ಲಿ ತಮಿಳು ಮಾತಾಡುತ್ತಾರೆಂದು ಅವರ ಹೆಂಡತಿ ನನ್ನ ಮನೆಯವಳಲ್ಲಿ ಒಮ್ಮೆ ಹೇಳಿದ್ದರು. ಪೇಟೆಯ ಹೋಟೆಲಿನಲ್ಲಿ 'ಮಿಲಿಟ್ರಿಯವರಿಗೆ ಬೆಡಿಯ ಹೆದರಿಕೆಯಾ?' ಎಂಬ ತಮಾಷೆ ಹಳೆಯದು. ಅವರೂ ನಕ್ಕು ಚಹಾ ಮುಗಿಸಿ ಏಳುತ್ತಾರೆ.

ಅವರು ಕಂಡ ಯುದ್ಧ ಶ್ರೀಲಂಕೆಯದು. ಇಂದಿನ ಮಕ್ಕಳಿಗೆ 1999ರ ಕಾರ್ಗಿಲ್ ಗೊತ್ತು, 1971 ಗೊತ್ತು. 1987ರ ಜುಲೈ 29ರಂದು ಭಾರತ ಮತ್ತು ಶ್ರೀಲಂಕೆ ಒಪ್ಪಂದಕ್ಕೆ ಸಹಿ ಹಾಕಿ ನಮ್ಮ ಸೈನ್ಯ ಶಾಂತಿ ಕಾಯಲು ಸಮುದ್ರ ದಾಟಿದ್ದು ಅಷ್ಟಾಗಿ ಗೊತ್ತಿಲ್ಲ. ಯಾರ ರಕ್ಷಣೆಗೆಂದು ಹೋದರೋ ಅವರ ಊರುಗಳಲ್ಲೇ ಅಕ್ಟೋಬರಿನ ಹೊತ್ತಿಗೆ ಎಲ್‌ಟಿಟಿಇ ಜೊತೆ ಯುದ್ಧ ಶುರುವಾಯಿತು. 1990ರ ಮಾರ್ಚಿನಲ್ಲಿ ಕೊನೆಯ ತುಕಡಿ ಮರಳುವಷ್ಟರಲ್ಲಿ ನಮ್ಮ 1,100ಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಅಲ್ಲಿಯ ಸಾಮಾನ್ಯ ಜನರ ಸಾವು ಇದಕ್ಕಿಂತ ಬಹಳ ಹೆಚ್ಚು. 1987ರ ಅಕ್ಟೋಬರಿನಲ್ಲಿ ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನ್ಯದ ಗುಂಡಿಗೆ ವೈದ್ಯರೂ ದಾದಿಯರೂ ರೋಗಿಗಳೂ ಸತ್ತದ್ದನ್ನು ಆ ಊರಿನವರು ಮರೆತಿಲ್ಲ. ಮದ್ರಾಸಿನ ಬಂದರಿನಲ್ಲಿ ಹಡಗಿನಿಂದ ಇಳಿದ ಸೈನಿಕರನ್ನು ಎದುರುಗೊಳ್ಳಲು ಆಗಿನ ತಮಿಳುನಾಡಿನ ಮುಖ್ಯಮಂತ್ರಿ ಹೋಗಲಿಲ್ಲ. ಗೆದ್ದೆವು ಎನ್ನಲೂ ಆಗದ, ಸೋತೆವು ಎನ್ನಲೂ ಮನಸ್ಸು ಬಾರದ ಯುದ್ಧವನ್ನು ದೇಶ ಬೇಗ ಮರೆಯಿತು. ಹೋದವರಲ್ಲಿ ಅನೇಕರಿಗೆ ಆಗ ಇಪ್ಪತ್ತು, ಇಪ್ಪತ್ತೆರಡು. ಎದುರಿಗಿದ್ದವರಲ್ಲಿ ಇನ್ನೂ ಚಿಕ್ಕವರಿದ್ದರು, ಕುತ್ತಿಗೆಯಲ್ಲಿ ಸೈನೈಡ್ ಕಟ್ಟಿಕೊಂಡ ಹುಡುಗ ಹುಡುಗಿಯರು.

ಕೆಲವು ವರ್ಷಗಳ ಹಿಂದೆ ಒಂದು ಆಟಿ ತಿಂಗಳ ರಾತ್ರಿ. ಎರಡೂ ನದಿಗಳು ಏರಿದ್ದವು. ನಮ್ಮೂರಿನಲ್ಲಿ ಇಂಥ ಹೊತ್ತಿಗೆ ಜನ ನಿದ್ದೆಗೆಟ್ಟು ದೇವಸ್ಥಾನದ ಮುಂದೆ ನಿಲ್ಲುತ್ತಾರೆ. ಎರಡೂ ನೀರು ಉಕ್ಕಿ ದೇವಸ್ಥಾನದ ಎದುರು ಒಂದನ್ನೊಂದು ಮುಟ್ಟಿದರೆ ಅದಕ್ಕೆ 'ಸಂಗಮ' ಎನ್ನುತ್ತಾರೆ. ಆಗ ಗಂಗಾಪೂಜೆ, ತೀರ್ಥಸ್ನಾನ. ಹಿರಿಯರು 1974ರ ನೆರೆಯನ್ನೂ ತಮ್ಮ ಹಿರಿಯರಿಂದ ಕೇಳಿದ 1923ರ ನೆರೆಯನ್ನೂ ಎತ್ತಿಕೊಂಡು ಮಾತಾಡುತ್ತಿದ್ದರು. ನಾವಿಬ್ಬರೂ ಒಂದು ಅಂಗಡಿಯ ಜಗಲಿಯಲ್ಲಿ ನಿಂತಿದ್ದೆವು. ದೋಣಿ, ಹಗ್ಗ ಹಿಡಿದು ಕಾವಲಿಗಿದ್ದ ಹುಡುಗರಲ್ಲಿ ಒಬ್ಬ ಬಂದು, 'ಅಣ್ಣಾ, ಕುಡಿಯಲಿಕ್ಕೆ ನೀರುಂಟಾ?' ಎಂದು ಕೇಳಿದ. ಕಣ್ಣೆದುರು ಇಷ್ಟು ನೀರಿದ್ದೂ ಕುಡಿಯಲು ಹನಿಯಿಲ್ಲವಲ್ಲ ಎಂದು ಯಾರೋ ನಕ್ಕರು. ನನ್ನ ನೆರೆಯವರು ಚೀಲದಿಂದ ಬಾಟ್ಲಿ ತೆಗೆದು ಕೊಟ್ಟರು. ಹುಡುಗ ಕುಡಿದು ಮುಗಿಸುವವರೆಗೆ ಅವನ ಗಂಟಲನ್ನೇ ನೋಡುತ್ತಿದ್ದರು. ಅವನು ಹೋದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ತಾವಾಗಿಯೇ ಹೇಳಿದರು. ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

'ಮಾಷ್ಟ್ರೆ, ನಮಗೆ ಮೊದಲೇ ಹೇಳಿದ್ದರು, ಬಿದ್ದವನ ಹತ್ತಿರ ಹೋಗಬೇಡಿ, ಅಡಿಯಲ್ಲಿ ಬಾಂಬು ಇಟ್ಟಿರುತ್ತಾರೆ ಎಂದು. ಹಾಗೆ ಹೋದ ನಮ್ಮವರು ಇಬ್ಬರು ಎರಡು ದಿನ ಮೊದಲು ಕಣ್ಣೆದುರೇ ಸತ್ತಿದ್ದರು. ಜಾಫ್ನಾಕ್ಕೆ ಹೋಗುವ ದಾರಿ. ಎಲ್ಲಿ ನೋಡಿದರೂ ತಾಳೆ ಮರ. ಗುಂಡು ನಿಂತ ಮೇಲೆ ಮುಂದೆ ಹೋದರೆ ಒಂದು ಮರದ ಬುಡದಲ್ಲಿ ಒಬ್ಬ ಹುಡುಗ. ಮೀಸೆ ಬಂದಿರಲಿಲ್ಲ. ಕುತ್ತಿಗೆಯಲ್ಲಿ ಕರಿ ದಾರ, ಅದರಲ್ಲಿ ಆ ಕುಪ್ಪಿ. ಕೈ ಎರಡೂ ಅಲ್ಲಾಡುತ್ತಿರಲಿಲ್ಲ, ಇಲ್ಲದಿದ್ದರೆ ಕಚ್ಚುತ್ತಿದ್ದನೋ ಏನೋ. ನನ್ನನ್ನು ನೋಡಿ 'ಅಣ್ಣಾ, ತಣ್ಣಿ' ಎಂದ. ರೆಜಿಮೆಂಟಿನಲ್ಲಿ ಇದ್ದು ಇದ್ದು ನನಗೆ ತಮಿಳು ಬರುತ್ತಿತ್ತು. ಬಾರದಿದ್ದರೆ ಒಳ್ಳೆಯದಿತ್ತು. ಸೊಂಟದಲ್ಲಿ ಬಾಟ್ಲಿ ತುಂಬ ನೀರಿತ್ತು. ಹಿಂದಿನಿಂದ ಹವಾಲ್ದಾರ ಮುಂದೆ ನಡಿ ಎಂದ. ನಡೆದೆ.'

ಸ್ವಲ್ಪ ತಡೆದು ಮತ್ತೆ ಹೇಳಿದರು: 'ಗುಂಡು ಹೊಡೆದದ್ದು ಸರಕಾರದ ಲೆಕ್ಕ. ಅವರ ಕೋವಿ, ಅವರ ಆರ್ಡರು. ಅದನ್ನು ನೆನೆದು ನಾನು ನಿದ್ದೆ ಕೆಟ್ಟವನಲ್ಲ. ಆ ನೀರು ಯಾರ ಲೆಕ್ಕಕ್ಕೆ, ಮಾಷ್ಟ್ರೆ?'

ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಸಂಗಮವೂ ಆಗಲಿಲ್ಲ. ಬೆಳಗಿನ ಜಾವಕ್ಕೆ ನೀರು ಇಳಿಯಿತು, ಜನ ಚದುರಿದರು. ಅಂದಿನಿಂದ ಈ ಪ್ರಶ್ನೆಯನ್ನು ನಾನೂ ಹೊತ್ತುಕೊಂಡಿದ್ದೇನೆ.

ಇಂಥ ಸಂಕಟಕ್ಕೆ ವೈದ್ಯರು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೆಸರು ಕೊಟ್ಟಿದ್ದಾರೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳಿಂದ ನಡುಗುತ್ತ, ಮಾತು ನಿಂತು ಬಂದ ಹುಡುಗರನ್ನು ನೋಡಿ 'ಶೆಲ್ ಶಾಕ್' ಎಂದರು. ತೋಪಿನ ಗುಂಡಿನ ಸದ್ದಿಗೆ ನರ ಕೆಟ್ಟಿರಬೇಕೆಂದು ಮೊದಲು ಭಾವಿಸಿದ್ದರು. ಗುಂಡಿನ ಹತ್ತಿರವೇ ಇರದವರಿಗೂ ಅದು ಬಂದಾಗ ಗಾಯ ಮನಸ್ಸಿನದೆಂದು ತಿಳಿಯಿತು. ಅಷ್ಟರಲ್ಲಿ ಹೇಡಿಗಳೆಂದೂ ಓಡಿಹೋದವರೆಂದೂ ಎಷ್ಟೋ ಮಂದಿಯನ್ನು ಅವರದೇ ಸೈನ್ಯ ಕಂಬಕ್ಕೆ ಕಟ್ಟಿ ಕೊಂದಾಗಿತ್ತು. ಹಾಗೆ ಕೊಂದವರಲ್ಲಿ 306 ಮಂದಿಗೆ ಬ್ರಿಟಿಷ್ ಸರಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ, ತೊಂಬತ್ತು ವರ್ಷಗಳ ಬಳಿಕ. ಆ ಯುದ್ಧಕ್ಕೆ ನಮ್ಮ ದೇಶದಿಂದ ಸುಮಾರು 13 ಲಕ್ಷ ಮಂದಿ ಹೋಗಿದ್ದರು. ಅವರಲ್ಲಿ ಮರಳಿ ಬಂದವರು ಯಾವ ಕನಸು ಕಂಡರೋ ಬರೆದಿಟ್ಟವರು ವಿರಳ. ವಿಯೆಟ್ನಾಂ ಯುದ್ಧದಿಂದ ಮರಳಿದವರ ಪಾಡನ್ನು ಕಂಡ ಮೇಲೆ 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಆಘಾತದ ನಂತರದ ಒತ್ತಡದ ಕಾಯಿಲೆ ಎಂದು ತಮ್ಮ ಪಟ್ಟಿಗೆ ಸೇರಿಸಿದರು. ನಾವು ಪಿಟಿಎಸ್‌ಡಿ ಎಂದು ಪತ್ರಿಕೆಗಳಲ್ಲಿ ಓದುವುದು ಇದನ್ನೇ.

ಹೆಸರು ಸಿಕ್ಕಿದ್ದು ದೊಡ್ಡ ಉಪಕಾರ. ಗರ್ನಾಲಿನ ಸದ್ದಿಗೆ ಮೈ ನಡುಗುವುದು ಹೇಡಿತನವಲ್ಲ, ಮನಸ್ಸಿನ ಗಾಯ, ಅದಕ್ಕೆ ಚಿಕಿತ್ಸೆಯುಂಟು ಎಂದು ಗೊತ್ತಾದರೆ ಹೋಟೆಲಿನ ತಮಾಷೆ ನಿಲ್ಲಬಹುದು. ಜ್ವರಕ್ಕೆ ಡಾಕ್ಟರಲ್ಲಿಗೆ ಹೋದಂತೆ ಇದಕ್ಕೂ ಹೋಗಬಹುದು. ಆದರೆ ನೀರಿನ ಪ್ರಶ್ನೆ ಈ ಹೆಸರಿನೊಳಗೆ ಹಿಡಿಯುವುದಿಲ್ಲ. ಗರ್ನಾಲಿಗೆ ಬೆಚ್ಚುವುದು ಭಯ. ಆ ಹುಡುಗನ ಮುಖ ನೆನಪಾಗುವುದು ಭಯದಿಂದಲ್ಲ. ಬಾಸ್ಟನ್ನಿನಲ್ಲಿ ವಿಯೆಟ್ನಾಂ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1994ರಲ್ಲಿ 'ಅಕಿಲಿಸ್ ಇನ್ ವಿಯೆಟ್ನಾಂ' ಎಂಬ ಪುಸ್ತಕ ಬರೆದರು. ತಮ್ಮ ರೋಗಿಗಳ ಮಾತನ್ನು ಗ್ರೀಕರ ಮಹಾಕಾವ್ಯದ ಪಕ್ಕದಲ್ಲಿಟ್ಟು ಓದಿ, ಭಯದ ಗಾಯದ ಜೊತೆಗೆ ಇನ್ನೊಂದು ಗಾಯವುಂಟು, ಅದು ಸರಿ ತಪ್ಪುಗಳ ನಂಬಿಕೆ ಒಡೆದಾಗ ಆಗುವ ಗಾಯ ಎಂದರು. 'ನೈತಿಕ ಗಾಯ' ಎಂಬ ಮಾತು ಅಲ್ಲಿಂದ ಹಬ್ಬಿತು. ಶೇ ಅವರ ಗಮನ ಹೆಚ್ಚಾಗಿ ಮೇಲಿನವರು ಮಾಡಿದ ದ್ರೋಹದ ಮೇಲಿತ್ತು. ತಾನೇ ಮಾಡಿದ್ದು, ತಾನು ಮಾಡದೆ ಬಿಟ್ಟದ್ದು ಕೂಡ ಇದೇ ಗಾಯ ಮಾಡುತ್ತದೆಂದು ಆಮೇಲಿನವರು ಸೇರಿಸಿದರು.

ಇಲ್ಲಿ ನನಗೊಂದು ತೊಡಕು ಕಾಣುತ್ತದೆ. ಈ ಎರಡನೆಯ ಗಾಯ ರೋಗವೋ, ಅಂತಃಕರಣವೋ? ಮಾತ್ರೆಯೊಂದನ್ನು ನುಂಗಿ ಆ ಹುಡುಗನನ್ನು ಪೂರ್ತಿ ಮರೆಯುವುದು ಸಾಧ್ಯ ಎಂದಿಟ್ಟುಕೊಳ್ಳಿ. ನನ್ನ ನೆರೆಯವರಿಗೆ ಅದನ್ನು ಕೊಡಿಸಬೇಕೇ? ಅವರ ನಿದ್ದೆಯನ್ನು ನೆನೆದರೆ ಹೌದು ಅನಿಸುತ್ತದೆ. ಆದರೆ ಈ ಭೂಮಿಯ ಮೇಲೆ ಆ ಹುಡುಗ ಕೊನೆಯ ಮಾತು ಆಡಿದ್ದು ಯಾರೊಡನೆಯೋ ಅವರೂ ಮರೆತುಬಿಟ್ಟರೆ, ಅವನು ನೀರು ಕೇಳಿದ್ದನೆಂಬುದಕ್ಕೆ ಸಾಕ್ಷಿ ಯಾರು? ನೋವಾಗದ ಕೈಯನ್ನು ನಾವು ಆರೋಗ್ಯವಂತ ಕೈ ಎನ್ನುವುದಿಲ್ಲ, ಜೋಮು ಹಿಡಿದ ಕೈ ಎನ್ನುತ್ತೇವೆ. ಭಯಕ್ಕೆ ಔಷಧಿ ಬೇಕು, ಅದರಲ್ಲಿ ಎರಡು ಮಾತಿಲ್ಲ. ಈ ದುಃಖವನ್ನು ಅಳಿಸುವ ದಾರಿ ಹುಡುಕುವುದಕ್ಕಿಂತ, ಅದನ್ನು ಒಬ್ಬನೇ ಹೊರುವಂತೆ ಮಾಡಿದ್ದು ಸರಿಯೇ ಎಂದು ಕೇಳಬೇಕೆಂದು ನನಗೆ ತೋರುತ್ತದೆ.

ಯುದ್ಧವನ್ನು ಕರ್ತವ್ಯವೆಂದು ಮಾಡಿದವನಿಗೆ ದುಃಖ ಯಾಕೆ, ಗೀತೆಯಲ್ಲಿ ಕೃಷ್ಣ ಅರ್ಜುನನಿಗೆ ಹೇಳಲಿಲ್ಲವೇ ಎಂದು ಕೇಳುವವರುಂಟು. ಹೇಳಿದ್ದು ನಿಜ, ಯುದ್ಧದ ಮೊದಲು. ಯುದ್ಧ ಮುಗಿದ ಮೇಲೆ ಅದೇ ಅರ್ಜುನ ಕೃಷ್ಣನಲ್ಲಿ, ಆ ದಿನ ನೀನು ಹೇಳಿದ್ದು ಮರೆತುಹೋಗಿದೆ, ಇನ್ನೊಮ್ಮೆ ಹೇಳು ಎಂದು ಕೇಳುತ್ತಾನೆ. ಅಂದಿನಂತೆ ಇನ್ನೊಮ್ಮೆ ಹೇಳಲಾಗದು ಎನ್ನುತ್ತಾನೆ ಕೃಷ್ಣ. ಅಶ್ವಮೇಧಪರ್ವದಲ್ಲಿ ಬರುವ ಅನುಗೀತೆಯ ಪ್ರಸಂಗವಿದು, ನಮ್ಮಲ್ಲಿ ಹೆಚ್ಚು ಮಂದಿ ಎತ್ತುವುದಿಲ್ಲ. ಧರ್ಮರಾಯನಿಗಂತೂ ತಮ್ಮಂದಿರು, ದ್ರೌಪದಿ, ವ್ಯಾಸರು, ಕೃಷ್ಣ ಎಲ್ಲರೂ ನೀನು ಮಾಡಿದ್ದು ಸರಿ ಎಂದರು. ಅವನಿಗೆ ಸಮಾಧಾನವಾಗಲಿಲ್ಲ. ಕೊನೆಗೆ ಶರಶಯ್ಯೆಯಲ್ಲಿದ್ದ ಭೀಷ್ಮರ ಬಳಿಗೆ ಹೋದ. ಹದಿನೆಂಟು ಪರ್ವಗಳಲ್ಲಿ ಅತ್ಯಂತ ದೊಡ್ಡದು ಯುದ್ಧದ ಯಾವ ಪರ್ವವೂ ಅಲ್ಲ, ಶಾಂತಿಪರ್ವ. ಹದಿನೆಂಟು ದಿನದ ಯುದ್ಧದಿಂದ ಹೊರಬರಲು ಅಷ್ಟು ಮಾತು ಬೇಕಾಯಿತು. ಅದಾದ ಮೇಲೆ ಯಾಗ, ಯಾಗದ ಕೊನೆಗೆ ಅರ್ಧ ಮೈ ಮಾತ್ರ ಚಿನ್ನವಾದ ಆ ಮುಂಗುಸಿ. ಯಾಗಶಾಲೆಯಲ್ಲಿ ಎಷ್ಟು ಹೊರಳಾಡಿದರೂ ಅದರ ಉಳಿದರ್ಧ ಮೈ ಚಿನ್ನವಾಗಲಿಲ್ಲ.

ಸೈನಿಕರ ಮನಸ್ಸನ್ನು ಹೀಗೆ ಕೆದಕಿದರೆ ಗಡಿ ಕಾಯುವವರು ಯಾರು ಎಂಬ ಮಾತೂ ಉಂಟು. ಇದಕ್ಕೆ ನನ್ನ ನೆರೆಯವರೇ ಉತ್ತರ. ಸೈನ್ಯದ ಬಗ್ಗೆ ಅವರಿಂದ ಒಂದು ಹಗುರ ಮಾತು ಕೇಳಿದವರಿಲ್ಲ. ಆಗಸ್ಟ್ 15ರಂದು ಶಾಲೆಯ ಧ್ವಜದ ಎದುರು ಅವರಷ್ಟು ನೆಟ್ಟಗೆ ನಿಲ್ಲುವವರು ಇನ್ನೊಬ್ಬರಿಲ್ಲ. ಅಣ್ಣನ ಮಗ ಸೇರುತ್ತೇನೆಂದಾಗ ಬೇಡ ಎನ್ನಲಿಲ್ಲ. ಅವರು ಕೇಳುವುದು ಬೇರೆಯೇ ಮಾತು: ಸರಕಾರದ ಲೆಕ್ಕ ಎಂದರೆ ಯಾರ ಲೆಕ್ಕ? ಸರಕಾರವನ್ನು ಕಳಿಸಿದವರು ನಾವು. ಗೆದ್ದ ದಿನ 'ನಾವು ಗೆದ್ದೆವು' ಎಂದು ಲಾಡು ಹಂಚುತ್ತೇವೆ. ಹಾಗಾದರೆ ನೀರು ಕೊಡದೆ ಮುಂದೆ ನಡೆದದ್ದು ಮಾತ್ರ 'ಅವನು' ಹೇಗಾದ?

ಕಳಿಸುವುದಾದರೂ ಎಂಥ ಪ್ರಾಯದವರನ್ನು! 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷಕ್ಕೆ ಸೇರಬಹುದು. ಮತ ಹಾಕಲು ಹದಿನೆಂಟಾಗಬೇಕು, ಹುಡುಗನಿಗೆ ಮದುವೆಯಾಗಲು ಇಪ್ಪತ್ತೊಂದು. ನಾಲ್ಕು ವರ್ಷ ಕಳೆದ ಮೇಲೆ ನಾಲ್ಕರಲ್ಲಿ ಒಬ್ಬನನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳಿಸುವ ಏರ್ಪಾಡು. ಅಭಿಮನ್ಯುವಿಗೆ ಹದಿನಾರು ಎನ್ನುತ್ತಾರೆ. ಅವನಿಗೆ ಚಕ್ರವ್ಯೂಹದ ಒಳಹೋಗಲು ಗೊತ್ತಿತ್ತು, ಹೊರಬರಲು ಗೊತ್ತಿರಲಿಲ್ಲ. ನಮ್ಮ ಹುಡುಗರಿಗೂ ಒಳಹೋಗುವ ವಿದ್ಯೆಗೆ ತರಬೇತಿ ಕೇಂದ್ರಗಳುಂಟು, ಗುರುಗಳುಂಟು. ಹೊರಬರುವ ವಿದ್ಯೆಯನ್ನು ಅವರವರ ಮನೆಯ ಕತ್ತಲೆ ಕೋಣೆಯಲ್ಲಿ ಅವರವರೇ ಕಲಿಯಬೇಕು.

ಆ ಆಟಿಯ ರಾತ್ರಿ ಕಳೆದು ಎರಡು ತಿಂಗಳಾಗಿರಬಹುದು, ನೆರೆಯವರು ನನ್ನಲ್ಲಿ ಕೇಳಿದರು: 'ಮಾಷ್ಟ್ರೆ, ಅವನ ಹೆಸರಿನಲ್ಲಿ ಎಳ್ಳುನೀರು ಬಿಡಬಹುದೋ? ಆದರೆ ಹೆಸರೇ ಗೊತ್ತಿಲ್ಲವಲ್ಲ.' ಅಸ್ಥಿ ಬಿಡಲು, ಪಿಂಡ ಹಾಕಲು ಎಲ್ಲೆಲ್ಲಿಂದಲೋ ಜನ ಬರುವ ಊರು ನಮ್ಮದು. ಪರಿಚಯದ ಭಟ್ಟರೊಬ್ಬರನ್ನು ಕೇಳಿದೆವು. ಹೆಸರು ಗೋತ್ರ ತಿಳಿಯದವರಿಗೆ, ಯಾರೂ ಇಲ್ಲದವರಿಗೆ ನೀರು ಬಿಡುವ ಕ್ರಮ ತರ್ಪಣದಲ್ಲೇ ಉಂಟು ಎಂದರು ಅವರು. ಮಹಾಭಾರತದಲ್ಲೂ ಧರ್ಮರಾಯ ಮೊದಲು ಮಾಡಿಸಿದ್ದು, ರಣರಂಗದಲ್ಲಿ ಕೇಳುವವರಿಲ್ಲದೆ ಬಿದ್ದ ಹೆಣಗಳಿಗೆ ಸಂಸ್ಕಾರ. ಇದನ್ನು ನಾನು ಹೇಳಿದಾಗ ನೆರೆಯವರು ಯೋಚಿಸಿ, 'ಯಾರೂ ಇಲ್ಲದವನು ಎಂದು ನಾನು ಹೇಗೆ ಹೇಳುವುದು? ಅವನಿಗೆ ತಾಯಿ ಇದ್ದಿರಬಹುದು, ಇವತ್ತಿಗೂ ಕಾಯುತ್ತಿರಬಹುದು' ಎಂದರು. ಕೊನೆಗೆ ಮಹಾಲಯ ಅಮಾವಾಸ್ಯೆಯ ದಿನ ತಂದೆ, ಅಜ್ಜಂದಿರಿಗೆ ಕೊಟ್ಟ ಮೇಲೆ ಇನ್ನೊಂದು ಬೊಗಸೆ ತೆಗೆದುಕೊಂಡರು. ಭಟ್ಟರ ಮಂತ್ರ ಮುಗಿದ ಮೇಲೆ ತಮಿಳಿನಲ್ಲಿ ಏನೋ ಹೇಳಿದರು. ಏನೆಂದು ನಾನು ಕೇಳಲಿಲ್ಲ.

ಅದರಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಈಗಲೂ ಅವರು ಏಪ್ರಿಲ್ 17ರಂದು ಘಟ್ಟ ಹತ್ತುತ್ತಾರೆ. ಮಂಗಳೂರಿನ ಒಬ್ಬ ಮನೋವೈದ್ಯರಲ್ಲಿಗೂ ಹೋಗಿಬರುತ್ತಿದ್ದಾರೆ. ಮಗನೇ ಕರೆದುಕೊಂಡು ಹೋಗುತ್ತಾನೆ. ಒಂದು ಬದಲಾವಣೆ ಮಾತ್ರ ನನ್ನ ಗಮನಕ್ಕೆ ಬಂದಿದೆ. ಮೊದಲು ಹೆಂಡತಿ ಮಕ್ಕಳಿಗೂ ಗೊತ್ತಿರದ ಸಂಗತಿ ಈಗ ಮನೆಯವರಿಗೆಲ್ಲ ಗೊತ್ತುಂಟು. ಅಮಾವಾಸ್ಯೆಯ ದಿನ ಅಡಿಗೆ ಮನೆಯಲ್ಲಿ ಅವರ ಹೆಂಡತಿ 'ಆ ಮಗುವಿಗೆ' ಎಂದು ಒಂದು ಲೋಟ ನೀರು ತೆಗೆದಿಡುತ್ತಾರಂತೆ.

ಇದನ್ನು ಯೋಚಿಸುವಾಗ ನನಗೆ ಬಾಹುಬಲಿ ನೆನಪಾಗುತ್ತಾನೆ. ಕಾರ್ಕಳ, ವೇಣೂರು, ಧರ್ಮಸ್ಥಳ ಎಂದು ನಮ್ಮ ಜಿಲ್ಲೆ, ನೆರೆಜಿಲ್ಲೆಗಳಲ್ಲೇ ಅವನು ಮೂರು ಕಡೆ ನಿಂತಿದ್ದಾನೆ. ಗೆದ್ದ ಕ್ಷಣದಲ್ಲೇ ಗೆಲುವಿಗೆ ಹೇಸಿ ಹೊರಟುಹೋದವನಿಗೆ ಇಷ್ಟು ದೊಡ್ಡ ಕಲ್ಲು ನಿಲ್ಲಿಸಿದ ನಾಡು ಇದು. ಆದರೆ ಕಥೆಯ ಕೊನೆಯ ಭಾಗವನ್ನು ಗಮನಿಸಬೇಕು. ಬಳ್ಳಿ ಹಬ್ಬಿ ಹುತ್ತ ಬೆಳೆಯುವಷ್ಟು ಕಾಲ ತಪಸ್ಸು ಮಾಡಿದರೂ ಅವನಿಗೆ ಜ್ಞಾನ ಲಭಿಸಲಿಲ್ಲ. ತಾನು ನಿಂತಿರುವುದು ಅಣ್ಣ ಭರತನ ನೆಲದ ಮೇಲೆ ಎಂಬ ಒಂದು ಸಣ್ಣ ಮುಳ್ಳು ಒಳಗೆ ಉಳಿದಿತ್ತು. ಅದನ್ನು ಅವನೊಬ್ಬನೇ ಕಿತ್ತುಕೊಳ್ಳಲು ಆಗಲಿಲ್ಲ. ಯಾರೊಡನೆ ಕಾದಿದನೋ, ಯಾರ ಕಾರಣಕ್ಕೆ ಯುದ್ಧ ಬಂದಿತೋ ಆ ಭರತನೇ ಬಂದು ಅವನ ಮುಂದೆ ಬಾಗಬೇಕಾಯಿತು. ಆಗ ಮುಳ್ಳು ಬಿದ್ದಿತು.

ಯುದ್ಧ ಬೇಕೆಂದು ತೀರ್ಮಾನಿಸಿದವರಲ್ಲಿ, ಅಥವಾ ಅದನ್ನು ಸುಮ್ಮನೆ ಒಪ್ಪಿಕೊಂಡವರಲ್ಲಿ, ನಾವೂ ಇದ್ದೇವೆ. ಹುಡುಗ ಸೈನ್ಯಕ್ಕೆ ಆಯ್ಕೆಯಾದಾಗ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸು ಹಾಕುತ್ತೇವೆ, ರಜೆಗೆ ಬಂದಾಗ ಸಂಘದವರು ಶಾಲು ಹೊದಿಸುತ್ತೇವೆ, ಭಾಷಣ ಮಾಡುವುದೂ ನಾವೇ. ಹಾರ ಹಾಕಿಸಿಕೊಂಡವನಿಗೆ ಮಾತಾಡಲು ಐದು ನಿಮಿಷವೂ ಸಿಗುವುದಿಲ್ಲ. ಸಿಕ್ಕಿದರೂ ಅವನು ಹೇಳಬೇಕಾದ್ದು ಆ ಸಭೆಯಲ್ಲಿ ಹೇಳುವಂಥದ್ದಲ್ಲ. ನೀನು ವೀರ ಎಂದು ಹೊಗಳುವುದೂ ಒಂದು ಬಗೆಯಲ್ಲಿ ಬಾಯಿ ಮುಚ್ಚಿಸುವುದೇ. ವೀರನಾದವನು ನೀರು ಕೇಳಿದ ಮಗುವಿನ ಕಥೆ ಹೇಳುವುದು ಹೇಗೆ? ನಿನ್ನದು ತಪ್ಪಲ್ಲ ಬಿಡು ಎಂದು ಸಮಾಧಾನ ಹೇಳುವುದೂ ಅಷ್ಟೇ, ಅಲ್ಲಿಗೆ ಮಾತು ಮುಗಿಯಿತು. ತಪ್ಪೋ ಸರಿಯೋ ಎಂದು ತೀರ್ಪು ಕೊಡದೆ, ಪೂರ್ತಿ ಕೇಳಿ, ಇದರಲ್ಲಿ ನಮ್ಮ ಪಾಲೂ ಉಂಟು ಎಂದು ಒಪ್ಪುವವರು ಅವನ ಮನೆಯಲ್ಲಿ, ಊರಿನಲ್ಲಿ ಒಬ್ಬಿಬ್ಬರಾದರೂ ಬೇಕು.

ಸೈನ್ಯಕ್ಕೆ ಸೇರಲು ಹೊರಟ ನನ್ನ ಹಳೆ ವಿದ್ಯಾರ್ಥಿಗಳ ಮಕ್ಕಳು ಈಗಲೂ ಕಾಲಿಗೆ ಬಿದ್ದು ಹೋಗಲು ಬರುತ್ತಾರೆ. ಒಳ್ಳೆಯದಾಗಲಿ ಎನ್ನುತ್ತೇನೆ. ಅವರ ತಂದೆ ತಾಯಿಗೆ ಮಾತ್ರ ಇನ್ನೊಂದು ಮಾತು ಹೇಳುತ್ತೇನೆ: ಅವನು ಬಂದಾಗ ಏನೇನು ನೋಡಿದೆ ಎಂದು ಕೆದಕಬೇಡಿ, ಆದರೆ ಅವನಾಗಿ ಬಾಯಿ ತೆರೆದ ದಿನ ಟಿವಿ ಆರಿಸಿ ಕೂತುಕೊಳ್ಳಿ. ನೀರು ಯಾರ ಲೆಕ್ಕಕ್ಕೆ ಎಂಬ ಪ್ರಶ್ನೆಗೆ ಧರ್ಮಶಾಸ್ತ್ರದಲ್ಲಿ ಏನು ಉತ್ತರವಿದೆಯೋ ಬಲ್ಲವರು ಹೇಳಲಿ. ಪಾಲಿಗೆ ಜನ ಹೆಚ್ಚಿದಷ್ಟು ಒಬ್ಬೊಬ್ಬನ ತಲೆಯ ಮೇಲಿನ ಸಾಲ ಕಡಿಮೆಯಾಗುತ್ತದೆ ಎಂಬುದು ಮಾತ್ರ ಅವಿಭಕ್ತ ಕುಟುಂಬದಲ್ಲಿ ಹುಟ್ಟಿದ ನಮ್ಮಂಥವರಿಗೆಲ್ಲ ಗೊತ್ತಿರುವ ಲೆಕ್ಕ.